ಕಚ್ಚಿದ್ದು ಒಂದೇ ನಾಯಿ, ಆಫೀಸು ಮಾತ್ರ ಮೂರು: ನಮ್ಮ ಪಂಚಾಯತಿಗೊಂದು ಬಹಿರಂಗ ಪತ್ರ

ಗೆ,
ನಮ್ಮ ಗ್ರಾಮ ಪಂಚಾಯತಿನ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕುಟುಂಬಾರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು,
ಮೃಗಾಸ್ಪತ್ರೆಯ ಡಾಕ್ಟರು,
ಕಾಸರಗೋಡು ಜಿಲ್ಲೆ.

ಮಾನ್ಯರೇ,

ನಮಸ್ಕಾರ. ಊರಿನ ಹೆಸರು ಬೇಕೂಂತಲೇ ಹಾಕ್ಲಿಲ್ಲ. ಹಾಕಿದ್ರೆ ನಾಳೆ ಇದು ಒಬ್ಬ ಸಿಸ್ಟರ್ ಮೇಲೋ ಒಬ್ಬ ಅಟೆಂಡರ್ ಮೇಲೋ ಹೋಗಿ ಬೀಳ್ತದೆ, ಅವರಿಗೊಂದು ಮೆಮೊ ಕೊಟ್ಟು ಫೈಲ್ ಮುಚ್ತಾರೆ, ನನಗೆ ಬೇಕಾದ್ದು ಅದಲ್ಲ. ಯಾವ ಊರು ಅಂತ ನಿಮಗೆ ಗೊತ್ತುಂಟು, ಯಾಕಂದ್ರೆ ಇದೇ ವಿಷಯ, ಹುಚ್ಚುನಾಯಿ ರೋಗಕ್ಕೆ (ರೇಬೀಸಿಗೆ) ಆಸ್ಪತ್ರೆ, ಮೃಗಾಸ್ಪತ್ರೆ, ಪಂಚಾಯತ್ ಮೂರೂ ಒಟ್ಟಿಗೆ ಕೆಲಸ ಮಾಡಬೇಕು ಅಂತ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ, ಅರ್ಜಿ ಕೊಟ್ಟಿದ್ದೇನೆ, ಸೀಲು ಹಾಕಿದ ರಶೀದಿಯೂ ನನ್ನ ಹತ್ರ ಉಂಟು. ಉತ್ತರ ಮಾತ್ರ ಬರ್ಲಿಲ್ಲ. ಹಾಗಾಗಿ ಊರವರೂ ಓದ್ಲಿ ಅಂತ ಈಗ ಎಲ್ಲರ ಎದುರು ಬರೀತಾ ಇದ್ದೇನೆ. ಓದುವಾಗ ಸ್ವಲ್ಪ ಕೋಪ ಕಂಡ್ರೆ, ಹೌದು, ಕೋಪ ಉಂಟು.

ನಾನು ಯಾವ ಪಾರ್ಟಿಯವಳೂ ಅಲ್ಲ. ಹಟ್ಟಿಯಲ್ಲಿ ಎರಡು ದನ, ಹಿಂದೆ ಒಂದಿಷ್ಟು ಅಡಿಕೆ ತೋಟ, ಬೆಳಗ್ಗೆ ಸೊಸೈಟಿಗೆ ಹಾಲು ಹಾಕುವವಳು, ಕುಟುಂಬಶ್ರೀ ಮಹಿಳಾ ಸಂಘದ ಮೀಟಿಂಗಿಗೆ ಹೋಗುವವಳು, ಅಷ್ಟೆ. ಆದ್ರೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ನಿಂತವರಿಗೆ ಊರಿನ ಜ್ವರ, ದನದ ಗರ್ಭ ಜಾರಿದ್ದು, ಯಾರ ಮಗುವಿಗೆ ನಾಯಿ ಕಚ್ಚಿತು, ಎಲ್ಲ ನಿಮ್ಮ ರಿಜಿಸ್ಟರಿಗಿಂತ ಮೊದ್ಲೇ ಗೊತ್ತಾಗ್ತದೆ. ಹಾಗೆ ಗೊತ್ತಾದದ್ದನ್ನೇ ಬರೀತೇನೆ.

ಕಳೆದ ಮಳೆಗಾಲ ಮುಗೀತಾ ಬಂದಾಗ ಒಂದು ದಿನ ಬೆಳಗ್ಗೆ ಒಂದು ಬೀದಿನಾಯಿ, ಬಾಲ ಇಳಿಸಿಕೊಂಡು ಜೊಲ್ಲು ಸುರಿಸ್ತಾ, ಯಾರು ಎದುರು ಸಿಕ್ಕಿದ್ರೆ ಅವರಿಗೆ ಕಚ್ಚುತ್ತಾ ಎರಡು ವಾರ್ಡು ದಾಟಿ ಹೋಯಿತು. ಮೊದ್ಲು ಮದ್ರಸಕ್ಕೆ ಹೋಗ್ತಿದ್ದ ಒಂದು ಮಗುವಿನ ಕೆನ್ನೆಗೆ, ಆಮೇಲೆ ರಬ್ಬರ್ ಟ್ಯಾಪಿಂಗಿಗೆ ಹೋಗುವ ಒಬ್ಬರ ಕಾಲಿಗೆ, ಆಮೇಲೆ ಬಯಲಲ್ಲಿ ಕಟ್ಟಿದ್ದ ಒಂದು ದನದ ಮೂತಿಗೆ, ನಡುವೆ ಎಷ್ಟು ನಾಯಿಗಳಿಗೆ ಕಚ್ಚಿತೋ ದೇವರಿಗೇ ಗೊತ್ತು. ಕೊನೆಗೆ ಯಾರೋ ಹೊಡೆದು ಕೊಂದ್ರು, ಗುಡ್ಡೆಯಲ್ಲಿ ಹೊಂಡ ತೋಡಿ ಹೂತು ಹಾಕಿದ್ರು. ಮಧ್ಯಾಹ್ನದೊಳಗೆ ಊರಿನ ಮಟ್ಟಿಗೆ ವಿಷಯ ಮುಗೀತು.

ಈಗ ನಿಮ್ಮ ಕಡೆ ಏನಾಯಿತು ಅಂತ ಹೇಳ್ತೇನೆ. ಮಗುವನ್ನು ಎತ್ತಿಕೊಂಡು ಕುಟುಂಬಾರೋಗ್ಯ ಕೇಂದ್ರಕ್ಕೆ ಓಡಿದ್ರು. ಅಲ್ಲಿ ಲಸಿಕೆ ಇತ್ತು, ಅದನ್ನು ಹಾಕಿದ್ರು, ಅದಕ್ಕೆ ಧನ್ಯವಾದ. ಮುಖಕ್ಕೆ ಕಚ್ಚಿದ್ದು, ಲಸಿಕೆ ಒಟ್ಟಿಗೆ ಇಮ್ಯುನೋಗ್ಲೋಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಬೇಕು, ಅದು ಇಲ್ಲಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ರಿಕ್ಷಾ ಮಾಡಿ ಅಲ್ಲಿಗೆ ಹೋದ್ರೆ ಸ್ಟಾಕ್ ಇಲ್ಲ, ಇನ್ನೊಂದು ಕಡೆ ನೋಡಿ. ಕೊನೆಗೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು, ಸಂಜೆ ಹೊತ್ತಿಗೆ ಹಾಕಿಸಿದ್ರು. ಇಷ್ಟೆಲ್ಲ ಆಗುವಾಗ ಆ ಮಗುವಿನ ಗಾಯವನ್ನು ಸೋಪು ಹಾಕಿ ಸರಿಯಾಗಿ ತೊಳೆದವರು ಒಬ್ಬರೂ ಇಲ್ಲ. ಮನೆಯಲ್ಲಿ ಅರಿಶಿನ ಮೆತ್ತಿದ್ರು, ಆಸ್ಪತ್ರೆಯಲ್ಲಿ ಹತ್ತಿಯಲ್ಲಿ ಒರೆಸಿದ್ರು. ಮಗು ಈಗ ಚೆನ್ನಾಗುಂಟು, ದೇವರು ದೊಡ್ಡವನು. ಆದ್ರೆ ದೇವರ ಮೇಲೆ ಹಾಕುವ ಕೆಲಸ ಅಲ್ಲ ಇದು.

ದನಕ್ಕೆ ಕಚ್ಚಿದ್ದು? ದನದ ಯಜಮಾನರು ಮೂತಿಯಲ್ಲಿ ಸಣ್ಣ ಗೀರು ಅಲ್ವಾ ಅಂತ ಸುಮ್ನೆ ಇದ್ರು. ಅದೇ ನಾಯಿ ಮಗುವಿಗೂ ಕಚ್ಚಿದೆ, ಅದರ ಲಕ್ಷಣ ಸರಿ ಇರ್ಲಿಲ್ಲ ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ, ಮೃಗಾಸ್ಪತ್ರೆಗೂ ಸುದ್ದಿ ಹೋಗ್ಲಿಲ್ಲ. ದನಗಳಿಗೂ ಕಚ್ಚಿದ ಮೇಲೆ ಕೊಡುವ ಲಸಿಕೆ ಉಂಟು, 0, 3, 7, 14, 28ನೇ ದಿನ ಅಂತ ಕೋರ್ಸು, ಕೂಡ್ಲೇ ಶುರು ಮಾಡಿದ್ರೆ ಉಳಿಸುವ ಸಾಧ್ಯತೆ ಉಂಟು. ಶುರುವೇ ಮಾಡ್ಲಿಲ್ಲ. ತಿಂಗಳು ಕಳೆದ ಮೇಲೆ ಆ ದನ ಹುಲ್ಲು ಬಿಟ್ಟಿತು, ನೀರು ಕುಡೀಲಿಕ್ಕೆ ಹೋಗಿ ನುಂಗ್ಲಿಕ್ಕೆ ಆಗದೆ ಒದ್ದಾಡಿತು, ಬಾಯಲ್ಲಿ ನೊರೆ, ಸ್ವರ ಒಡೆದ ಹಾಗೆ ಒಂದೇ ಸಮ ಕೂಗುವುದು. ಗಂಟಲಲ್ಲಿ ಮಾವಿನ ಗೊರಟೋ ಏನೋ ಸಿಕ್ಕಿದೆ ಅಂತ ಯಜಮಾನರು ಬಾಯಿಗೆ ಕೈ ಹಾಕಿ ಹುಡುಕಿದ್ರು. ಹಳ್ಳಿಯಲ್ಲಿ ಯಾರಾದ್ರೂ ಹಾಗೆಯೇ ಮಾಡೋದು. ಹುಚ್ಚು ಹಿಡಿದ ದನ ಹಾಯಲಿಕ್ಕೇ ಬರಬೇಕು ಅಂತಿಲ್ಲ, ಹೀಗೆ ಗಂಟಲು ಕಟ್ಟಿದ ಹಾಗೂ ಕಾಣ್ತದೆ, ಆಗ ಬರಿಗೈ ಬಾಯಿಗೆ ಹಾಕಿದ್ರೆ, ಕೈಯಲ್ಲಿ ಒಂದು ಸಣ್ಣ ಗಾಯ ಇದ್ರೆ, ಜೊಲ್ಲಿನ ಮೂಲಕ ಅದೇ ವೈರಸ್ ನಮ್ಮೊಳಗೆ ಬರ್ತದೆ. ದನ ಸತ್ತ ಮೇಲೆ ಮೃಗಾಸ್ಪತ್ರೆಯ ಡಾಕ್ಟರು ಬಂದು ನೋಡಿ ಸಂಶಯ ಹೇಳಿದ್ರು, ಮನೆಯವರೆಲ್ಲ ಲಸಿಕೆಗೆ ಓಡಿದ್ರು, ಅವರ ಮನೆ ಹಾಲು ತಗೊಳ್ತಿದ್ದ ಅಕ್ಕಪಕ್ಕದ ಮನೆಯವರೂ ಹೆದರಿ ಓಡಿದ್ರು. ಕುದಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ, ಚಾಯಕ್ಕೆ ಹಾಕಿ ಕುಡಿದವರು ಹೆದರಬೇಕಾಗಿಲ್ಲ ಅಂತ ಒಂದು ಮಾತು ಮೈಕಿನಲ್ಲಿ ಹೇಳಿದ್ರೆ ಸಾಕಿತ್ತು. ಹೇಳ್ಲಿಲ್ಲ, ಆಸ್ಪತ್ರೆಯಲ್ಲಿ ಆ ದಿನ ಜಾತ್ರೆ.

ಇಷ್ಟರಲ್ಲಿ ಯಾರೂ ಕೆಟ್ಟವರಿಲ್ಲ, ಅದೇ ನನಗೆ ಹೆಚ್ಚು ಬೇಜಾರು. ಮಗುವಿಗೆ ಕಚ್ಚಿದ್ದು ಆರೋಗ್ಯ ಇಲಾಖೆಯ ರಿಜಿಸ್ಟರಿನಲ್ಲಿ ಉಂಟು, ದನ ಸತ್ತದ್ದು ಮೃಗಾಸ್ಪತ್ರೆಯ ರಿಜಿಸ್ಟರಿನಲ್ಲಿ ಉಂಟು, ನಾಯಿ ಕಾಟದ ದೂರು ಪಂಚಾಯತ್ ಆಫೀಸಿನ ಫೈಲಿನಲ್ಲಿ ಉಂಟು. ಮೂರೂ ಕಡೆ ಬರೆದದ್ದು ಒಂದೇ ನಾಯಿಯ ವಿಷಯ. ಆದ್ರೆ ಮೂರು ಪುಸ್ತಕ ಒಂದು ಮೇಜಿಗೆ ಬಂದದ್ದು ಅಂತ ಇಲ್ಲ.

ಅಧ್ಯಕ್ಷರೇ, ಇದು ಬೇರೆ ಬೇರೆ ಇಲಾಖೆ, ನಮ್ಮ ಕೈಯಲ್ಲಿಲ್ಲ ಅಂತ ನೀವು ಗ್ರಾಮಸಭೆಯಲ್ಲಿ ಹೇಳಿದ್ರಿ. ಕೇರಳದಲ್ಲಿ ಹಾಗೆ ಹೇಳ್ಲಿಕ್ಕೆ ಬರುವುದಿಲ್ಲ. 1996ರ ಜನಕೀಯ ಯೋಜನೆಯ, ಅಂದ್ರೆ ಊರಿನ ಪ್ಲಾನನ್ನು ಊರವರೇ ಮಾಡುವ ಯೋಜನೆಯ, ಕಾಲದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರ (ಈಗಿನ ಕುಟುಂಬಾರೋಗ್ಯ ಕೇಂದ್ರ), ಮೃಗಾಸ್ಪತ್ರೆ ಎರಡನ್ನೂ ಗ್ರಾಮ ಪಂಚಾಯತಿಗೆ ವಹಿಸಿಕೊಟ್ಟಾಗಿದೆ. ಕಟ್ಟಡಕ್ಕೆ ಸುಣ್ಣ ಬಣ್ಣ ಕೊಡುವುದರಿಂದ ಹಿಡಿದು ಮದ್ದು ತರುವ ಪ್ರಾಜೆಕ್ಟಿನವರೆಗೆ ನಿಮ್ಮ ಪ್ಲಾನ್ ಫಂಡಿನಲ್ಲಿ ಬರ್ತದೆ, ಉದ್ಘಾಟನೆಗೆ ರಿಬ್ಬನ್ ಕತ್ತರಿಸುವವರೂ ನೀವೇ. 2023ರಲ್ಲಿ ಬಂದ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲೂ ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನು ಒಟ್ಟಿಗೆ ನೋಡಬೇಕು ಅಂತಲೇ ಉಂಟು, ವನ್ ಹೆಲ್ತ್ ಅಂತ ಅದಕ್ಕೆ ಹೆಸರು. ಸೆಮಿನಾರಿನ ಬ್ಯಾನರಿನಲ್ಲಿ ಆ ಹೆಸರು ನಾವೂ ನೋಡಿದ್ದೇವೆ.

2018ರಲ್ಲಿ ಕೋಝಿಕ್ಕೋಡಿನ ಕಡೆ ಬಾವಲಿಯಿಂದ ಹಬ್ಬುವ ನಿಪಾ ಜ್ವರ ಬಂತು, 17 ಜನ ತೀರಿಹೋದ್ರು. ಆಗ ಇದೇ ಸರಕಾರದ ಯಂತ್ರ ಎಷ್ಟು ಚಂದ ಕೆಲಸ ಮಾಡಿತು. ಬಾವಲಿ ಹಿಡಿದು ಸ್ಯಾಂಪಲ್ ತೆಗೆದವರು, ರೋಗಿಯ ಸಂಪರ್ಕದಲ್ಲಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಿದವರು, ಪಶುವೈದ್ಯರು, ಫಾರೆಸ್ಟಿನವರು, ಎಲ್ಲ ಒಟ್ಟಿಗೆ ಕೂತು ಕೆಲಸ ಮಾಡಿದ್ರು, ಲೋಕವೇ ಹೊಗಳಿತು. ಅಂದ್ರೆ ಗೊತ್ತಿಲ್ಲದ್ದಲ್ಲ, ಆಗದ್ದಲ್ಲ. ನಿಪಾ ಅಂದ್ರೆ ಟಿವಿ ಬರ್ತದೆ. ನಾಯಿ ಕಚ್ಚುವುದು ದಿನಾ ಇದ್ದದ್ದೇ, ಹಾಗಾಗಿ ಯಾರಿಗೂ ಅವಸರ ಇಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಶುರುವಾದ್ರೆ ಅದರಷ್ಟು ಖಂಡಿತ ಕೊಲ್ಲುವ ಬೇರೆ ಸೋಂಕು ಇಲ್ಲ ಅಂತಲೇ ಹೇಳಬಹುದು. ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಲ್ಲಿ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಕಚ್ಚಿಸಿಕೊಂಡು ಚಿಕಿತ್ಸೆಗೆ ಬರುವವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು, ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ 99 ನಾಯಿಯಿಂದಲೇ.

ಈಗ ಒಂದು ಕಷ್ಟದ ವಿಷಯಕ್ಕೆ ಬರ್ತೇನೆ. 2025ರಲ್ಲಿ ಕೇರಳದಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳೂ ರೇಬೀಸಿನಿಂದ ತೀರಿಹೋದ ಸುದ್ದಿ ಒಂದರ ಹಿಂದೆ ಒಂದು ಬಂತು. ಅಂದಿನಿಂದ ನಮ್ಮ ಸೊಸೈಟಿ ಜಗಲಿಯಲ್ಲಿ ಒಂದೇ ಮಾತು, "ಹಾಕಿದ್ರೂ ಸಾಯ್ತಾರೆ ಅಂತಾದ್ರೆ ಹಾಕಿ ಎಂತ ಪ್ರಯೋಜನ ಮಾರಾಯ್ರೆ". ಇದು ನಾಯಿಗಿಂತ ಅಪಾಯದ ಮಾತು. ಈ ಮಾತಿಗೆ ಉತ್ತರ ಕೊಡಬೇಕಾದವರು ನೀವು, ಡಾಕ್ಟ್ರೇ. ನೀವು ಕೊಡ್ಲಿಲ್ಲ ಅಂತ ನಾನು ಓದಿ ಕೇಳಿ ತಿಳ್ಕೊಂಡದ್ದನ್ನು ಇಲ್ಲಿ ಬರೀತೇನೆ, ತಪ್ಪಿದ್ರೆ ತಿದ್ದಿ.

ಈ ವೈರಸ್ ರಕ್ತದಲ್ಲಿ ಓಡುವುದಲ್ಲ, ಕಚ್ಚಿದ ಜಾಗದಲ್ಲಿ ನರ ಹಿಡಿದು ಮೆಲ್ಲ ಮೆಲ್ಲ ಮಿದುಳಿನ ಕಡೆ ಹತ್ತುವುದು. ಕಾಲಿಗೆ ಕಚ್ಚಿದ್ರೆ ದಾರಿ ದೂರ, ಮುಖಕ್ಕೆ, ತಲೆಗೆ, ಕುತ್ತಿಗೆಗೆ ಕಚ್ಚಿದ್ರೆ ಹತ್ತಿರ, ಬೆರಳ ತುದಿಯಲ್ಲಿ ನರ ಹೆಚ್ಚು. ಸಾಮಾನ್ಯವಾಗಿ ರೋಗ ಕಾಣ್ಲಿಕ್ಕೆ ಎರಡು ಮೂರು ತಿಂಗಳು, ಆದ್ರೆ ಒಂದು ವಾರದಲ್ಲೂ ಕಾಣಬಹುದು, ವರ್ಷ ಹಿಡಿದದ್ದೂ ಉಂಟು. ಲಸಿಕೆ ಹಾಕಿದ ಕೂಡ್ಲೇ ರಕ್ಷಣೆ ಬರುವುದಿಲ್ಲ, ನಮ್ಮ ದೇಹ ಪ್ರತಿಕಾಯ ತಯಾರು ಮಾಡ್ಲಿಕ್ಕೆ ಒಂದೆರಡು ವಾರ ಬೇಕು. ಆ ಒಂದೆರಡು ವಾರಕ್ಕೆ ಬೇಕಾಗಿಯೇ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ಬೇರೆ ಕಡೆ ತಯಾರಾದ ಪ್ರತಿಕಾಯವನ್ನೇ ತಂದು ಗಾಯದ ಒಳಗೆ, ಸುತ್ತ ಚುಚ್ಚುವುದು. ಸೊಂಟಕ್ಕೋ ತೋಳಿಗೋ ಮಾತ್ರ ಹಾಕಿದ್ರೆ ಆಗುವುದಿಲ್ಲ, ಗಾಯಕ್ಕೇ ಹೋಗಬೇಕು. ಮತ್ತೆ ಎಲ್ಲಕ್ಕಿಂತ ಮೊದ್ಲು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಈ ವೈರಸಿನ ಹೊರಗೆ ಕೊಬ್ಬಿನ ಒಂದು ಪದರ ಉಂಟು, ಅದನ್ನು ಸೋಪು ಒಡೆದು ಹಾಕ್ತದೆ. ಎರಡು ರೂಪಾಯಿಯ ಸೋಪಿನ ತುಂಡು ಮಾಡುವ ಕೆಲಸ ಇದು, ಅರಿಶಿನ, ಸುಣ್ಣ, ಮೆಣಸಿನ ಹುಡಿ, ಕಾಫಿ ಹುಡಿ ಯಾವುದೂ ಮಾಡುವುದಿಲ್ಲ, ಅವು ವೈರಸನ್ನು ಇನ್ನೂ ಒಳಗೆ ತಳ್ಳುವುದೇ ಹೆಚ್ಚು. ಇಷ್ಟರಲ್ಲಿ ಒಂದು ಕೊಂಡಿ ತಪ್ಪಿದ್ರೂ, ಅದರಲ್ಲೂ ಮುಖದ ಗಾಯಕ್ಕೆ, ಲಸಿಕೆ ಒಂದೇ ಓಡಿ ಗೆಲ್ಲಲಿಕ್ಕಿಲ್ಲ. ಅದರರ್ಥ ಲಸಿಕೆ ಸುಳ್ಳು ಅಂತ ಅಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರಿಕೆ ಇತ್ತು, ಆ ಹೆದರಿಕೆ ಇನ್ನೂ ಹೋಗ್ಲಿಲ್ಲ. ಕುರಿಯ ಮಿದುಳಿನಿಂದ ಮಾಡ್ತಿದ್ದ ಆ ಹಳೆ ಲಸಿಕೆ ನಿಂತು ಇಪ್ಪತ್ತು ವರ್ಷ ದಾಟಿತು. ಈಗ ಸರಕಾರಿ ಆಸ್ಪತ್ರೆಯಲ್ಲಿ 0, 3, 7, 28ನೇ ದಿನ ಎರಡು ತೋಳಿನ ಚರ್ಮದ ಪದರದೊಳಗೆ ಸಣ್ಣ ಚುಚ್ಚು, ಅಷ್ಟೆ, ದುಡ್ಡಿಲ್ಲ. ಇದನ್ನು ಗೊತ್ತಿಲ್ಲದೆ ಇನ್ನೂ ನಾಟಿ ಮದ್ದಿಗೆ ಹೋಗುವ ಮನೆಗಳು ನಮ್ಮ ವಾರ್ಡಿನಲ್ಲೇ ಉಂಟು. ಮೂರನೇ ಡೋಸ್ ಆದ ಮೇಲೆ ಕೆಲಸ ಉಂಟು ಅಂತ 28ನೇ ದಿನದ್ದು ಬಿಟ್ಟವರೂ ಉಂಟು, ಬರ್ಲಿಲ್ಲ ಯಾಕೆ ಅಂತ ಕೇಳುವ ಒಂದು ಫೋನು ಯಾರೂ ಮಾಡುವುದಿಲ್ಲ.

ನಾಯಿಗಳ ವಿಷಯ. ಇದರಲ್ಲಿ ಊರೇ ಎರಡು ಪಾರ್ಟಿ. ಎಲ್ಲ ಕೊಲ್ಲಿ ಅಂತ ಒಂದು, ಮುಟ್ಟಬೇಡಿ ಪಾಪ ಅಂತ ಇನ್ನೊಂದು. ನನಗೆ ಎರಡೂ ಪಾರ್ಟಿಯವರ ಮೇಲೆ ನಂಬಿಕೆ ಇಲ್ಲ. ಕೊಂದ ಜಾಗಕ್ಕೆ ಪಕ್ಕದ ಊರಿನ ನಾಯಿ ಬರ್ತದೆ, ಲಸಿಕೆ ಹಾಕಿದ್ದ ನಾಯಿಯನ್ನೇ ಕೊಂದ್ರಂತೂ ಇದ್ದ ರಕ್ಷಣೆಯೂ ಹೋಯಿತು. ಇನ್ನು ಬರೀ ಅನ್ನ ಹಾಕಿ ಫೋಟೋ ತೆಗೆಯುವ ಪ್ರೀತಿಯಿಂದ ರೋಗ ನಿಲ್ಲುವುದಿಲ್ಲ. ಒಂದು ಜಾಗದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆದ್ರೆ ಅಲ್ಲಿ ರೋಗ ಹಬ್ಬುವುದು ನಿಲ್ತದೆ ಅಂತ ಲೋಕಕ್ಕೇ ಗೊತ್ತಿದ್ದ ಲೆಕ್ಕ. 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ಇಲ್ಲದಂತೆ ಮಾಡ್ತೇವೆ ಅಂತ ಕೇಂದ್ರ ಸರಕಾರ 2021ರಲ್ಲಿ ಪ್ಲಾನ್ ಮಾಡಿದ್ದು ಕೂಡ ಇದೇ ಲೆಕ್ಕದ ಮೇಲೆ. 2023ರ ಎಬಿಸಿ, ಅಂದ್ರೆ ನಾಯಿಗಳ ಸಂತಾನ ನಿಯಂತ್ರಣದ ನಿಯಮದಲ್ಲಿ ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ, ಅದೇ ಜಾಗದಲ್ಲಿ ಬಿಡಬೇಕು ಅಂತ ಉಂಟು, 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಇಂಥ ಜಾಗದಿಂದ ಹಿಡಿದ ನಾಯಿಗಳನ್ನು ತಿರುಗಿ ಅಲ್ಲೇ ಬಿಡಬಾರದು ಅಂತ ಹೇಳಿತು. ಬಿಡುವುದು ಎಲ್ಲಿ ಅಂತ ಜಗಳ ಮಾಡುವವರು ಮಾಡ್ಲಿ, ಲಸಿಕೆ ಹಾಕಬಾರದು ಅಂತ ಯಾವ ಕೋರ್ಟೂ ಹೇಳಿದ್ದಿಲ್ಲ.

ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ದೊಡ್ಡ ವಿಷಯ ಅಲ್ಲ. ಅಡಿಕೆಗೆ ಕೊಳೆರೋಗ ಬರಬಾರದು ಅಂತ ಮಳೆ ಹಿಡಿಯುವ ಮೊದ್ಲೇ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡ್ತೇವೆ, ಕಾಯಿ ಕೊಳೆತು ಬಿದ್ದ ಮೇಲೆ ಎಷ್ಟು ಬಿಟ್ರೂ ಅದು ಮರಕ್ಕೆ ಹತ್ತುವುದಿಲ್ಲ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಪಕ್ಕದ ತೋಟದವ ಬಿಡದಿದ್ರೆ ನಮಗೂ ತಾಗ್ತದೆ ಅಂತಲೂ ಗೊತ್ತು. ನೂರಕ್ಕೆ 70 ಅಂದ್ರೆ ಅದೇ.

ಮಾಡ್ಲಿಕ್ಕೆ ಜನ ಎಲ್ಲಿ ಅಂತ ಕೇಳ್ತೀರಿ. ಕಾಲುಬಾಯಿ ಜ್ವರದ ಲಸಿಕೆ ಹಾಕ್ಲಿಕ್ಕೆ ಗೋರಕ್ಷಾ ಅಂತ ಮೃಗಾಸ್ಪತ್ರೆಯವರು ಹಟ್ಟಿ ಹಟ್ಟಿಗೆ ಬರ್ತಾರೆ, ಐಸ್ ಡಬ್ಬ ಹೆಗಲಿಗೆ ಹಾಕಿಕೊಂಡು ಗುಡ್ಡೆ ಹತ್ತಿ ಬರ್ತಾರೆ, ಅವರ ಶ್ರಮ ನಾನು ನೋಡಿದ್ದೇನೆ, ಅದನ್ನು ಹೊಗಳ್ಲೇಬೇಕು. ಕಾಲುಬಾಯಿ ಜ್ವರ ಮನುಷ್ಯರನ್ನು ಕೊಲ್ಲುವುದಿಲ್ಲ. ಕೊಲ್ಲುವ ರೋಗಕ್ಕೆ ಮಾತ್ರ ವರ್ಷಕ್ಕೊಮ್ಮೆ ಪಂಚಾಯತ್ ಮೈದಾನದಲ್ಲಿ ಕ್ಯಾಂಪು, ನಾಯಿಯನ್ನು ನೀವೇ ಹಿಡ್ಕೊಂಡು ಬನ್ನಿ ಅಂತ. ಸರಪಳಿ ಕಂಡೇ ಗೊತ್ತಿಲ್ಲದ ನಾಯಿಯನ್ನು ಮೂರು ಮೈಲು ಯಾರು ಎಳ್ಕೊಂಡು ಬರ್ತಾರೆ? ಗೋರಕ್ಷಾಕ್ಕೆ ಮನೆಗೆ ಬರುವ ದಿನವೇ ಆ ಮನೆಯ ನಾಯಿಗೂ ಬೆಕ್ಕಿಗೂ ಒಂದು ಚುಚ್ಚಿದ್ರೆ ಸಾಕುನಾಯಿಯ ಮಟ್ಟಿಗೆ ಕೆಲಸ ಮುಗೀತು, ಬೀದಿನಾಯಿಗೆ ಹಿಡಿಯುವವರನ್ನು ತಂದು ಬೇರೆ ಮಾಡಿ. ಸಾಕುನಾಯಿಗೆ ಲಸಿಕೆ ಸರ್ಟಿಫಿಕೇಟು, ಪಂಚಾಯತ್ ಲೈಸೆನ್ಸು ಬೇಕು ಅಂತ 1998ರಿಂದ ನಿಯಮ ಉಂಟು. ನಮ್ಮ ವಾರ್ಡಿನಲ್ಲಿ ಎಷ್ಟು ಮನೆಯ ನಾಯಿಗೆ ಲೈಸೆನ್ಸ್ ಉಂಟು ಅಂತ ನಿಮ್ಮ ರಿಜಿಸ್ಟರ್ ತೆರೆದು ನೋಡಿ, ನಾನು ಹೇಳುವುದು ಬೇಡ.

ಮತ್ತೆ ನಾಯಿಗಳು ಆಕಾಶದಿಂದ ಬಿದ್ದದ್ದಲ್ಲ. ರಾತ್ರಿ ಹತ್ತರ ಮೇಲೆ ಬೈಕಿನಲ್ಲಿ ಬಂದು ಕೋಳಿ ವೇಸ್ಟ್ ತುಂಬಿದ ತೊಟ್ಟೆಯನ್ನು ಸೇತುವೆ ಹತ್ರ ಎಸೆದು ಹೋಗುವವರು ಯಾರು ಅಂತ ಎಲ್ಲರಿಗೂ ಗೊತ್ತುಂಟು. ಪ್ಲಾಸ್ಟಿಕ್ ಕಸ ಒಟ್ಟು ಮಾಡುವ ಹರಿತ ಕರ್ಮ ಸೇನೆಯ ಅಕ್ಕಂದಿರು ಮನೆಗೆ ಬಂದು ನಮ್ಮ ಬಿಸ್ಕಿಟಿನ ಕವರನ್ನೂ ತೊಳೆದು ಒಣಗಿಸಿ ಕೊಡಿ ಅಂತ ಕೇಳ್ತಾರೆ, ಕೊಡದಿದ್ರೆ ನೋಟೀಸ್. ಅಂಗಡಿಯ ಗೋಣಿಗಟ್ಟಲೆ ಕೋಳಿ ವೇಸ್ಟಿಗೆ ನೋಟೀಸ್ ಇಲ್ಲ.

ಇಲಿ ಜ್ವರದ ವಿಷಯವೂ ಇದೇ ಕತೆ, ಸ್ವಲ್ಪದರಲ್ಲಿ ಹೇಳ್ತೇನೆ. ಹೆಸರು ಇಲಿಯದ್ದು, ಆದ್ರೆ ದನ, ನಾಯಿ, ಹಂದಿಯ ಮೂತ್ರದಲ್ಲೂ ಆ ಬ್ಯಾಕ್ಟೀರಿಯಾ ಬರ್ತದೆ, ಕೆಸರು ನೀರಿನಲ್ಲಿ ವಾರಗಟ್ಟಲೆ ಬದುಕ್ತದೆ, ಕಾಲಿನ ಒಡಕಿನಿಂದ ಒಳಗೆ ಹೋಗ್ತದೆ. ತೋಟದ ನೀರಿನ ಕಣಿಯಲ್ಲಿ, ಹಟ್ಟಿ ತೊಳೆದ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುವವರು ನಾವು. ಉದ್ಯೋಗ ಖಾತರಿಯ ಹೆಂಗಸರಿಗೆ ವಾರಕ್ಕೊಮ್ಮೆ ಈ ಜ್ವರ ಬಾರದ ಹಾಗೆ 200 ಮಿಲಿಗ್ರಾಂ ಡಾಕ್ಸಿ (ಡಾಕ್ಸಿಸೈಕ್ಲಿನ್) ಮಾತ್ರೆ ಕೊಡ್ತೀರಿ, ಒಳ್ಳೆಯದು. ಆದ್ರೆ ಅಡಿಕೆ ಹೆಕ್ಕುವವರಿಗೆ, ಹಟ್ಟಿ ಕೆಲಸದವರಿಗೆ, ನಮ್ಮ ಹಾಗೆ ಸ್ವಂತ ತೋಟದಲ್ಲಿ ದುಡಿಯುವವರಿಗೆ ಯಾರು ಕೊಡ್ತಾರೆ? ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಿನ್ನಬಾರದು, ಗರ್ಭಿಣಿಯರು, ಸಣ್ಣ ಮಕ್ಕಳು ಡಾಕ್ಟರನ್ನು ಕೇಳದೆ ತಿನ್ನಲೇಬಾರದು ಅಂತ ಕೈಗೆ ಕೊಡುವಾಗ ಹೇಳುವವರಿಲ್ಲ. ಜ್ವರದ ಜೊತೆ ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು, ಹೀಗಿದ್ರೆ ಪ್ಯಾರಸಿಟಮಾಲ್ ತಿಂದು ಮಲಗದೆ ಅದೇ ದಿನ ಬರಬೇಕು ಅಂತ ಗೊತ್ತಿಲ್ಲದೆ, ಕಣ್ಣು ಹಳದಿಯಾದ ಮೇಲೆ ಕಾಮಾಲೆಯ ನಾಟಿ ಮದ್ದು ಮಾಡಿ, ಮೂತ್ರ ನಿಂತ ಮೇಲೆ ಮಂಗಳೂರಿಗೆ ಹೊತ್ತುಕೊಂಡು ಹೋದವರನ್ನು ನೋಡಿದ್ದೇನೆ. ಮತ್ತೆ ನೋಡಿ, ಈ ಬ್ಯಾಕ್ಟೀರಿಯಾ ದನಕ್ಕೆ ತಾಗಿದ್ರೆ ಗರ್ಭ ಜಾರ್ತದೆ, ಹಾಲು ಕಮ್ಮಿ ಆಗ್ತದೆ. ಬ್ರುಸೆಲ್ಲಾ ಅಂತ ಇನ್ನೊಂದು, ಅದರಲ್ಲೂ ಗರ್ಭ ಜಾರ್ತದೆ, ಬಿದ್ದ ಕರುವನ್ನು, ಅದರ ಮಾಸನ್ನು ಬರಿಗೈಯಲ್ಲಿ ಎತ್ತಿದವರಿಗೆ ಬರ್ತದೆ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ. ಯಾವ ಹಟ್ಟಿಯಲ್ಲಿ ಗರ್ಭ ಜಾರಿದೆ ಅಂತ ಮೃಗಾಸ್ಪತ್ರೆಗೆ ಗೊತ್ತುಂಟು. ಯಾವ ಮನೆಯಲ್ಲಿ ಬಿಡದ ಜ್ವರ ಅಂತ ಆಶಾ ಕಾರ್ಯಕರ್ತೆಗೆ ಗೊತ್ತುಂಟು. ಎರಡೂ ಒಂದೇ ಮನೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಇನ್ನು ಕನ್ನಡ. ಈ ಮಾತು ತೆಗೆದ ಕೂಡ್ಲೇ ಇವರಿಗೆ ಯಾವಾಗ್ಲೂ ಇದೇ ಅಂತ ನೀವು ಮುಖ ತಿರುಗಿಸ್ತೀರಿ, ಆದ್ರೂ ಹೇಳ್ತೇನೆ. ಆಸ್ಪತ್ರೆಯ ಗೋಡೆಯಲ್ಲಿ ನಾಯಿ ಕಚ್ಚಿದ್ರೆ ಏನು ಮಾಡಬೇಕು ಅಂತ ಚಂದದ ಬಣ್ಣದ ಪೋಸ್ಟರ್ ಉಂಟು, ಪೂರ್ತಿ ಮಲಯಾಳದಲ್ಲಿ. ನಮ್ಮಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿಗಳು, ಹವ್ಯಕರು, ಮರಾಟಿಗಳು ಎಲ್ಲ ಉಂಟು, ಮಲಯಾಳ ಕೇಳಿದ್ರೆ ಅರ್ಥ ಆಗ್ತದೆ, ಆದ್ರೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಪ್ರಾಯದ ಹೆಂಗಸರಿಗೆ ಮಲಯಾಳ ಓದ್ಲಿಕ್ಕೆ ಬರುವುದಿಲ್ಲ. ಕನ್ನಡಿಗರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಬರೆದಿತ್ತು, ನಾವು ಭಿಕ್ಷೆ ಕೇಳ್ತಾ ಇಲ್ಲ. ಬೇರೆ ವಿಷಯದಲ್ಲಿ ಆದ್ರೆ ಹೋಗ್ಲಿ ಅನ್ನಬಹುದು. ಇದು 15 ನಿಮಿಷ ತೊಳೀರಿ, ಕಟ್ಟಬೇಡಿ, ಹೊಲಿಗೆ ಹಾಕಿಸ್ಲಿಕ್ಕೆ ಅವಸರ ಮಾಡಬೇಡಿ, ಕಚ್ಚಿದ ಸಾಕುನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿ ಗಮನಿಸಿ, ಆದ್ರೆ ಲಸಿಕೆಗೆ ಮಾತ್ರ 10 ದಿನ ಕಾಯಬೇಡಿ, ಅಂತ ಇಂಥ ಸೂಚನೆ. ಅರ್ಧ ಅರ್ಥ ಆದ್ರೆ 10 ದಿನ ಕಾಯುವುದು ಒಂದೇ ನೆನಪಿರ್ತದೆ, ಆಗ ಹೋಗುವುದು ಜೀವ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು, ಏನೂ ಆಗುವುದಿಲ್ಲ ಅಂತ ಹೇಳಿಸಿಕೊಂಡ ಜಿಲ್ಲೆ ಇದು. ಸರಕಾರದ ಮಾತು ಅಂದ್ರೆ ಇಲ್ಲಿಯ ಜನ ಎರಡು ಸಲ ಯೋಚಿಸ್ತಾರೆ. ನಂಬಿಸಬೇಕು ಅಂತಿದ್ರೆ ಓದ್ಲಿಕ್ಕೆ ಬರುವ ಹಾಗಾದ್ರೂ ಬರೆಯಿರಿ.

ಗಡಿಯ ವಿಷಯ ಒಂದು ಉಂಟು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕದವರು ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿದ್ರು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬ್ಯುಲೆನ್ಸಿನಲ್ಲೇ ಉಳಿದ್ರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಮ್ಯುನೋಗ್ಲೋಬ್ಯುಲಿನಿಗೆ ಇವತ್ತೂ ನಾವು ಅದೇ ರಸ್ತೆಯಲ್ಲಿ ಹೋಗ್ತಾ ಇದ್ದೇವೆ. ಆ ಕಡೆಯಿಂದ ದನ ಬರ್ತದೆ, ಈ ಕಡೆಯಿಂದ ನಾಯಿ ಹೋಗ್ತದೆ. ಆ ಕಡೆಯ ಪಂಚಾಯತಿನ ಪಶುವೈದ್ಯರ ಫೋನ್ ನಂಬರ್ ನಮ್ಮ ಮೃಗಾಸ್ಪತ್ರೆಯಲ್ಲಿ ಉಂಟಾ?

ನಾವು ಕೇಳುವುದು ಇಷ್ಟು. ನಾಯಿ ಕಚ್ಚಿದವರು ಆಸ್ಪತ್ರೆಗೆ ಬಂದ್ರೆ, ಒಪಿ ಚೀಟಿ ಬರೆಯುವಾಗಲೇ ನಾಯಿ ಯಾವುದು, ಎಲ್ಲಿ, ಇನ್ನು ಯಾರಿಗೆ, ಯಾವ ಪ್ರಾಣಿಗೆ ಕಚ್ಚಿತು ಅಂತ ಕೇಳಿ ಬರೆದು, ಅದೇ ದಿನ ಮೃಗಾಸ್ಪತ್ರೆಗೂ ವಾರ್ಡ್ ಮೆಂಬರಿಗೂ ತಿಳಿಸಬೇಕು. ಮೃಗಾಸ್ಪತ್ರೆಯವರು ಸಂಶಯದ ದನ, ನಾಯಿ ಕಂಡ್ರೆ ಹಾಗೆಯೇ ಈ ಕಡೆ ತಿಳಿಸಬೇಕು. ಇದಕ್ಕೆ ದುಡ್ಡು ಬೇಡ, ಒಂದು ವಾಟ್ಸಾಪ್ ಗ್ರೂಪ್ ಸಾಕು, ಓಣಂ ಹೂವಿನ ರಂಗೋಲಿಗೆ ಗ್ರೂಪ್ ಮಾಡ್ಲಿಕ್ಕೆ ಗೊತ್ತುಂಟಲ್ಲ. ಸತ್ತ ನಾಯಿಯನ್ನು ಹೂಳುವ ಮೊದ್ಲು ಪರೀಕ್ಷೆಗೆ ಸ್ಯಾಂಪಲ್ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಊರಿಗೆ ಗೊತ್ತಿರಬೇಕು. ಇಮ್ಯುನೋಗ್ಲೋಬ್ಯುಲಿನ್ ಎಲ್ಲಿ ಸ್ಟಾಕ್ ಉಂಟು ಅಂತ ನೀವೇ ಫೋನ್ ಮಾಡಿ ಕೇಳಿ, ಉಂಟು ಅಂತ ಆದ ಮೇಲೆ ಅಲ್ಲಿಗೆ ಕಳ್ಸಿ, ಮುಖಕ್ಕೆ ಕಚ್ಚಿಸಿಕೊಂಡ ಮಗುವನ್ನು ರಿಕ್ಷಾದಲ್ಲಿ ಊರೂರು ತಿರುಗಿಸಬೇಡಿ. ಗೋರಕ್ಷಾದ ಒಟ್ಟಿಗೆ ನಾಯಿಗೂ ಲಸಿಕೆ ಹಾಕುವ ಪ್ರಾಜೆಕ್ಟನ್ನು ಈ ಸಲದ ಪ್ಲಾನಿನಲ್ಲಿ ಇಡಿ. ಮಳೆಗೆ ಮುಂಚೆ ಡಾಕ್ಸಿ ಮಾತ್ರೆ ಹಾಲಿನ ಸೊಸೈಟಿಯಲ್ಲೂ ಸಿಗುವ ಹಾಗೆ ಮಾಡಿ, ಆಶಾದವರು ಬೆಳಗ್ಗೆ ಒಂದು ಗಂಟೆ ಅಲ್ಲಿ ಕೂತ್ರೆ ಅರ್ಧ ಊರು ಸಿಗ್ತದೆ. ಪೋಸ್ಟರ್ ಕನ್ನಡದಲ್ಲೂ ಇರ್ಲಿ, ಬರೆದು ಕೊಡ್ಲಿಕ್ಕೆ ನಮ್ಮ ಕನ್ನಡ ಶಾಲೆಯ ಮಾಸ್ಟ್ರು ತಯಾರಿದ್ದಾರೆ, ಕೇಳಿಯೇ ಬರೀತಾ ಇದ್ದೇನೆ.

ಮುಂದಿನ ಗ್ರಾಮಸಭೆಗೆ ಮೂರೂ ಜನ ಒಟ್ಟಿಗೆ ಬನ್ನಿ, ಮೂರು ರಿಜಿಸ್ಟರೂ ತನ್ನಿ. ಇದರಲ್ಲಿ ಯಾವುದು ಆಗ್ತದೆ, ಯಾವುದು ಆಗುವುದಿಲ್ಲ, ಆಗದಿದ್ರೆ ಯಾಕೆ ಅಂತ ಮಿನಿಟ್ಸಿನಲ್ಲಿ ಬರೆಸುವ ಹಾಗೆ ಹೇಳಿ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದ್ದು ಒಂದು ಉಂಟು. ಆಸ್ಪತ್ರೆಯ ವರಾಂಡದಲ್ಲಿ ಗಾಯ ತೊಳೆಯಲಿಕ್ಕೆ ಮಕ್ಕಳ ಕೈಗೂ ಎಟಕುವ ಒಂದು ನಲ್ಲಿ, ಒಂದು ಸೋಪು, ಒಂದು ಗೋಡೆ ಗಡಿಯಾರ. ಪ್ಲಂಬರ್ ನಮ್ಮ ವಾರ್ಡಿನಲ್ಲೇ ಇದ್ದಾರೆ, ಪೈಪಿನ ದುಡ್ಡು ಸೊಸೈಟಿಯವರು ಹಾಕ್ತೇವೆ ಅಂದಿದ್ದಾರೆ, ನಿಮ್ಮ ಒಂದು ಸಹಿ ಬೇಕು.

ಇಂತಿ,
ಸೊಸೈಟಿಗೆ ಹಾಲು ಹಾಕುವ ಒಬ್ಬಳು,
ಕಾಸರಗೋಡಿನ ಗಡಿ ಭಾಗದಿಂದ